ಟರ್ಮಿನಲ್‌ಗೆ ಒಂದು ಪೈಥಾನ್, ರನ್ ಬಟನ್‌ಗೆ ಇನ್ನೊಂದು: ಎಡಿಟರ್ ಯಾವುದನ್ನು ಓಡಿಸುತ್ತಿದೆ?

ಪ್ರಶ್ನೆ: ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪೈಥಾನ್ 3.9 ಮತ್ತು 3.12 ಎರಡೂ ಇವೆ. ವಿಎಸ್ ಕೋಡ್‌ನ ಟರ್ಮಿನಲ್‌ನಲ್ಲಿ ವರ್ಷನ್ ಕೇಳಿದರೆ 3.12 ಎನ್ನುತ್ತದೆ. ಆದರೆ ಮೇಲಿರುವ ರನ್ ಬಟನ್ ಒತ್ತಿದರೆ, ಮ್ಯಾಚ್ ಬಳಸಿದ ಸಾಲಿನಲ್ಲಿ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಇನ್ನೊಂದು ಫೈಲಿನಲ್ಲಿ ರಿಕ್ವೆಸ್ಟ್ಸ್ ಮಾಡ್ಯೂಲ್ ಸಿಗುತ್ತಿಲ್ಲ ಎನ್ನುತ್ತದೆ. ಅದನ್ನು ಪಿಪ್‌ನಿಂದ (ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪ್ರೋಗ್ರಾಮ್) ಇನ್‌ಸ್ಟಾಲ್ ಮಾಡಿ ಆಗಿದೆ. 3.9 ಅನ್ನು ತೆಗೆದುಹಾಕಿದರೆ ಸರಿಹೋಗುತ್ತದಾ?

ಉತ್ತರ: ಈಗಲೇ ತೆಗೆಯಬೇಡಿ. ತೆಗೆದರೆ ಎರರ್ ಹೋಗಬಹುದು, ಆದರೆ ಅದು ಯಾಕೆ ಬಂತು ಅಂತ ನಿಮಗೆ ಗೊತ್ತಾಗುವುದಿಲ್ಲ. ನಾಳೆ 3.13 ಹಾಕಿದಾಗ ಇದೇ ಗೊಂದಲ ಮತ್ತೆ ಶುರುವಾಗುತ್ತದೆ. ನೀವು ಹೇಳಿದ ಎರಡು ತೊಂದರೆಗೂ ಬೇರು ಒಂದೇ. ಅದನ್ನು ಒಮ್ಮೆ ಕಣ್ಣಾರೆ ನೋಡಿಕೊಂಡರೆ ಮುಂದೆ ಯಾವ ಭಾಷೆ, ಯಾವ ಎಡಿಟರ್ ಬಂದರೂ ತಡಕಾಡಬೇಕಾಗಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಕಮಾಂಡುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಿ.

ಮೊದಲು ಇದನ್ನು ತಿಳಿದುಕೊಳ್ಳಿ: ವಿಎಸ್ ಕೋಡ್ ಒಳಗೆ ಪೈಥಾನ್ ಇಲ್ಲ. ಅದು ಕೋಡ್ ಬರೆಯುವ ಜಾಗ. ಕೋಡನ್ನು ಓಡಿಸುವುದು ಡಿಸ್ಕಿನಲ್ಲಿ ಬೇರೆಲ್ಲೋ ಕೂತಿರುವ ಪೈಥಾನ್ ಪ್ರೋಗ್ರಾಮ್. ನಿಮ್ಮಲ್ಲಿ ಅಂಥವು ಎರಡಿವೆ. ಎರಡರಲ್ಲಿ ಯಾವುದನ್ನು ಕರೆಯಬೇಕು ಎಂದು ತೀರ್ಮಾನಿಸುವವರು ಮಾತ್ರ ನಾಲ್ಕೈದು ಮಂದಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ. ಗೊಂದಲ ಹುಟ್ಟುವುದೇ ಅಲ್ಲಿ.

ಟರ್ಮಿನಲ್‌ನಿಂದ ಶುರು ಮಾಡೋಣ. ನೀವು ಅಲ್ಲಿ ಬರೀ ಪೈಥಾನ್ ಎಂದು ಟೈಪ್ ಮಾಡಿದಾಗ ವಿಂಡೋಸ್ 'ಪಾತ್' ಎಂಬ ಪಟ್ಟಿ ನೋಡುತ್ತದೆ. ಅದರಲ್ಲಿ ಒಂದಾದ ಮೇಲೊಂದು ಫೋಲ್ಡರ್‌ಗಳ ಹೆಸರಿರುತ್ತವೆ. ಮೊದಲು ಯಾವ ಫೋಲ್ಡರ್‌ನಲ್ಲಿ ಆ ಹೆಸರಿನ ಪ್ರೋಗ್ರಾಮ್ ಸಿಗುತ್ತದೋ ಅದೇ ಓಡುತ್ತದೆ. ನಿಮ್ಮ ಪಟ್ಟಿಯಲ್ಲಿ 3.12 ಮುಂದಿದೆ. ಇಷ್ಟಕ್ಕೂ ಎಡಿಟರ್‌ಗೂ ಸಂಬಂಧವಿಲ್ಲ. ಟರ್ಮಿನಲ್ ಎಡಿಟರ್ ಕಿಟಕಿಯ ಒಳಗೇ ಇದ್ದರೂ ಅದರ ಲೆಕ್ಕ ಬೇರೆ.

ರನ್ ಬಟನ್ ಈ ಪಟ್ಟಿಯನ್ನು ನೋಡುವುದೇ ಇಲ್ಲ. ವಿಎಸ್ ಕೋಡ್‌ನ ಪೈಥಾನ್ ಎಕ್ಸ್‌ಟೆನ್ಷನ್ ಪ್ರತಿ ಫೋಲ್ಡರ್‌ಗೂ 'ಇಂಟರ್‌ಪ್ರಿಟರ್' ಎಂದು, ಅಂದರೆ ಕೋಡ್ ಓಡಿಸುವ ಪೈಥಾನ್ ಎಂದು, ಒಂದನ್ನು ನೆನಪಿಟ್ಟುಕೊಂಡಿರುತ್ತದೆ. ಬಟನ್ ಒತ್ತಿದರೆ ಅದರ ಪೂರ್ತಿ ವಿಳಾಸವನ್ನು ಟರ್ಮಿನಲ್‌ಗೆ ಕಳಿಸುತ್ತದೆ. ಇದನ್ನು ನೀವೇ ನೋಡಬಹುದು. ಒಮ್ಮೆ ರನ್ ಒತ್ತಿ. ಎರರ್‌ನ ಕೆಂಪು ಸಾಲುಗಳನ್ನು ಬಿಟ್ಟು ಅದಕ್ಕೂ ಮೇಲೆ ಕಣ್ಣು ಹಾಯಿಸಿ. ಅಲ್ಲಿ ಸಿ ಡ್ರೈವ್‌ನಿಂದ ಶುರುವಾಗಿ ಪೈಥಾನ್.ಇಎಕ್ಸ್‌ಇವರೆಗೆ ಒಂದು ಉದ್ದನೆಯ ವಿಳಾಸ, ಅದರ ಪಕ್ಕದಲ್ಲಿ ನಿಮ್ಮ ಫೈಲಿನ ಹೆಸರು ಇರುತ್ತದೆ. ಹೆಚ್ಚಿನವರು ಈ ಸಾಲನ್ನು ಓದುವುದೇ ಇಲ್ಲ, ಎರರ್‌ಗೆ ಜಿಗಿದುಬಿಡುತ್ತಾರೆ. ನಿಮ್ಮ ಆ ಸಾಲಿನ ನಡುವೆ 'ಪೈಥಾನ್39' ಎಂಬ ಫೋಲ್ಡರ್ ಇದ್ದೇ ಇರುತ್ತದೆ ಎಂದು ನನ್ನ ಅಂದಾಜು. ಯಾಕೆಂದರೆ ಮ್ಯಾಚ್ ಎಂಬ ಪದ ಪೈಥಾನ್ ಭಾಷೆಗೆ ಸೇರಿದ್ದೇ 3.10ರಲ್ಲಿ, 2021ರ ಅಕ್ಟೋಬರ್‌ನಲ್ಲಿ. 3.9ಕ್ಕೆ ಆ ಸಾಲು ಅರ್ಥವಾಗುವುದಿಲ್ಲ, ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ.

ರಿಕ್ವೆಸ್ಟ್ಸ್ ಕತೆಯೂ ಇದೇ. ಪ್ರತಿ ಪೈಥಾನ್‌ಗೂ ಅದರದೇ ಪಿಪ್ ಇದೆ, ಅದರದೇ ಪ್ಯಾಕೇಜ್ ಫೋಲ್ಡರ್ ಇದೆ. ಟರ್ಮಿನಲ್‌ನಲ್ಲಿ ಪಿಪ್ ಎಂದಾಗ ಅದು ಮತ್ತೆ ಪಾತ್ ಪಟ್ಟಿಯನ್ನೇ ನೋಡಿ 3.12ರ ಪಿಪ್ ಅನ್ನು ಕರೆದಿರುತ್ತದೆ. ಪ್ಯಾಕೇಜ್ 3.12ರ ಫೋಲ್ಡರ್‌ನಲ್ಲಿ ಭದ್ರವಾಗಿದೆ. ಬಟನ್ ಓಡಿಸುತ್ತಿರುವುದು 3.9. ಅದು ತನ್ನ ಫೋಲ್ಡರ್‌ನಲ್ಲಿ ಹುಡುಕಿ ಇಲ್ಲ ಎನ್ನುತ್ತದೆ. ನೂರು ಸಲ ಇನ್‌ಸ್ಟಾಲ್ ಮಾಡಿದರೂ ಪಿಪ್ ಈಗಾಗಲೇ ಇದೆ ಎಂದೇ ಹೇಳುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ, ಅಲ್ವಾ?

ಅಂದಾಜಿನ ಮೇಲೆ ಕೆಲಸ ಮಾಡುವುದು ಬೇಡ. 'ಯಾರು.ಪಿವೈ' ಎಂದು ಒಂದು ಹೊಸ ಫೈಲ್ ಮಾಡಿ, ಅದರಲ್ಲಿ ಮೂರೇ ಸಾಲು ಬರೆಯಿರಿ:

ಇಂಪೋರ್ಟ್ ಸಿಸ್
ಪ್ರಿಂಟ್(ಸಿಸ್.ಎಕ್ಸಿಕ್ಯೂಟೆಬಲ್)
ಪ್ರಿಂಟ್(ಸಿಸ್.ವರ್ಷನ್)

ಮೊದಲ ಪ್ರಿಂಟ್ ಓಡುತ್ತಿರುವ ಪೈಥಾನ್‌ನ ವಿಳಾಸ ಕೊಡುತ್ತದೆ, ಎರಡನೆಯದು ಅದರ ವರ್ಷನ್. ಈ ಸಾಲುಗಳನ್ನು ಮ್ಯಾಚ್ ಇರುವ ಫೈಲಿನ ತಲೆಯಲ್ಲಿ ಸೇರಿಸಿದರೆ ಉಪಯೋಗವಿಲ್ಲ. ಪೈಥಾನ್ ಒಂದು ಸಾಲನ್ನೂ ಓಡಿಸುವ ಮೊದಲು ಇಡೀ ಫೈಲನ್ನು ಓದಿ ವ್ಯಾಕರಣ ನೋಡುತ್ತದೆ. ಅಲ್ಲೇ ಎಡವಿದರೆ ನಿಮ್ಮ ಪ್ರಿಂಟ್‌ವರೆಗೆ ಬರುವುದೇ ಇಲ್ಲ. ಅದಕ್ಕೇ ಬೇರೆ ಫೈಲ್ ಬೇಕು.

ಈಗ ಇದೇ ಫೈಲನ್ನು ನಿಮಗೆ ಗೊತ್ತಿರುವ ಎಲ್ಲ ದಾರಿಯಲ್ಲೂ ಓಡಿಸಿ. ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಒಮ್ಮೆ. ರನ್ ಬಟನ್ ಒತ್ತಿ ಒಮ್ಮೆ. ಡಿಬಗ್ ಮಾಡಿ ಒಮ್ಮೆ. ಡಿಬಗ್ಗರ್ ಸಾಮಾನ್ಯವಾಗಿ ರನ್ ಬಟನ್ ಬಳಸುವ ಇಂಟರ್‌ಪ್ರಿಟರನ್ನೇ ಬಳಸುತ್ತದೆ. ಆದರೆ ಪ್ರಾಜೆಕ್ಟಿನ ಲಾಂಚ್.ಜೇಸನ್ ಫೈಲಿನಲ್ಲಿ ಯಾರಾದರೂ 'ಪೈಥಾನ್' ಎಂದು ಬೇರೆ ವಿಳಾಸ ಬರೆದಿಟ್ಟಿದ್ದರೆ ಅದೇ ಗೆಲ್ಲುತ್ತದೆ. ಬೇರೆಯವರ ಪ್ರಾಜೆಕ್ಟ್ ನಕಲು ಮಾಡಿಕೊಂಡಾಗ ಹೀಗಾಗುವುದು ಜಾಸ್ತಿ.

ರನ್ ಬಟನ್ ಪಕ್ಕದ ಸಣ್ಣ ಬಾಣದ ಗುರುತನ್ನೂ ಒತ್ತಿ ನೋಡಿ. ಅಲ್ಲಿ 'ರನ್ ಪೈಥಾನ್ ಫೈಲ್' ಜೊತೆಗೆ 'ರನ್ ಕೋಡ್' ಎಂಬುದೂ ಕಂಡರೆ ನಿಮ್ಮಲ್ಲಿ ಕೋಡ್ ರನ್ನರ್ ಎಂಬ ಬೇರೆ ಎಕ್ಸ್‌ಟೆನ್ಷನ್ ಇದೆ ಎಂದರ್ಥ. ಎರಡರ ಚಿತ್ರವೂ ಒಂದೇ ತ್ರಿಕೋನ. ಕೋಡ್ ರನ್ನರ್ ಮಾತ್ರ ತಾನಾಗಿ ಬರೀ ಪೈಥಾನ್ ಎಂಬ ಕಮಾಂಡನ್ನೇ ಕೊಡುತ್ತದೆ, ಅಂದರೆ ಪಾತ್ ಪಟ್ಟಿಯ ಹಿಂದೆ ಹೋಗುತ್ತದೆ. ನೀವು ಇಂಟರ್‌ಪ್ರಿಟರ್ ಎಷ್ಟೇ ಬದಲಾಯಿಸಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಪೈಥಾನ್ ಒಂದನ್ನೇ ಬರೆಯುವವರಿಗೆ ಅದರ ಅಗತ್ಯವಿಲ್ಲ, ತೆಗೆದುಬಿಡಿ ಎನ್ನುವುದು ನನ್ನ ಸಲಹೆ.

ಪಾತ್‌ನಲ್ಲಿ ಏನೇನಿದೆ ಎಂದು ನೋಡಲು ವಿಂಡೋಸ್‌ನಲ್ಲಿ 'ವೇರ್.ಇಎಕ್ಸ್‌ಇ ಪೈಥಾನ್' ಎಂದು ಕೇಳಿ. ವೇರ್ ಪಕ್ಕದ .ಇಎಕ್ಸ್‌ಇ ಬಿಡಬೇಡಿ. ವಿಎಸ್ ಕೋಡ್ ತೆರೆಯುವ ಟರ್ಮಿನಲ್ ಸಾಮಾನ್ಯವಾಗಿ ಪವರ್‌ಶೆಲ್. ಅಲ್ಲಿ ಬರೀ 'ವೇರ್' ಎಂಬುದಕ್ಕೆ ಬೇರೆಯೇ ಅರ್ಥವಿದೆ, ಏನೂ ತೋರಿಸದೆ ಸುಮ್ಮನಾಗುತ್ತದೆ. ಮ್ಯಾಕ್, ಲಿನಕ್ಸ್‌ನವರು 'ವಿಚ್ -ಎ ಪೈಥಾನ್3' ಎನ್ನಬಹುದು. ಬಂದ ಪಟ್ಟಿಯಲ್ಲಿ 'ವಿಂಡೋಸ್‌ಆ್ಯಪ್ಸ್' ಎಂಬ ಫೋಲ್ಡರ್ ಕಂಡರೆ ಅದು ಬರೀ ಬೋರ್ಡ್ ಇರಬಹುದು. ನಿಜವಾದ ಪೈಥಾನ್ ಇಲ್ಲದಿದ್ದರೆ ಅದು ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸ್ ಎಂಬ ಕಡೆ ಅದನ್ನು ಆಫ್ ಮಾಡಬಹುದು. ಕಂಪ್ಯೂಟರಿನಲ್ಲಿ ಇರುವ ಎಲ್ಲ ಪೈಥಾನ್‌ಗಳ ಪಟ್ಟಿ ಬೇಕಾದರೆ 'ಪಿವೈ --ಲಿಸ್ಟ್'. ಪಿವೈ ಎಂಬುದು ವಿಂಡೋಸ್‌ಗೆಂದೇ ಇರುವ ಲಾಂಚರ್, ಬೇಕಾದ ವರ್ಷನ್ನನ್ನು ಹೆಸರಿಟ್ಟು ಕರೆಯಲು.

ಕಾರಣ ಸಿಕ್ಕಿತು. ಇನ್ನು ಸರಿಮಾಡುವುದು.

ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ, 'ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್' ಆರಿಸಿ 3.12 ಮೇಲೆ ಕ್ಲಿಕ್ ಮಾಡಿದರೆ ನಿಮ್ಮ ಎರಡೂ ಎರರ್ ಈಗಲೇ ಹೋಗುತ್ತವೆ. ಹೆಚ್ಚಿನ ಕಡೆ ಉತ್ತರ ಇಲ್ಲಿಗೇ ಮುಗಿಯುತ್ತದೆ. ನಾನು ಇಲ್ಲಿಗೆ ನಿಲ್ಲಿಸುವುದಿಲ್ಲ. ಹೀಗೆ ಮಾಡಿದರೆ ಎಲ್ಲ ಪ್ರಾಜೆಕ್ಟಿನ ಪ್ಯಾಕೇಜುಗಳೂ ಒಂದೇ 3.12ರ ಹೊಟ್ಟೆಗೆ ಹೋಗುತ್ತವೆ. ಒಂದು ಪ್ರಾಜೆಕ್ಟಿಗೆ ಹಳೆಯ ಪ್ಯಾಕೇಜ್ ಬೇಕು, ಇನ್ನೊಂದಕ್ಕೆ ಹೊಸದು ಬೇಕು ಎಂದಾಗ ಕೈಕಟ್ಟಿದಂತಾಗುತ್ತದೆ. ಪ್ರಾಜೆಕ್ಟಿಗೊಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಆ ಪ್ರಾಜೆಕ್ಟಿನ ಪ್ಯಾಕೇಜುಗಳಿಗೆಂದೇ ಒಂದು ಬೇರೆ ಫೋಲ್ಡರ್, ಮಾಡಿಕೊಳ್ಳಿ. ಇದಕ್ಕೆ ಬೇಕಾದ ವೆನ್ವ್ 2012ರ ಪೈಥಾನ್ 3.3ರಿಂದಲೂ ಜೊತೆಗೇ ಬರುತ್ತಿದೆ, ಬೇರೆ ಏನೂ ಹಾಕಬೇಕಿಲ್ಲ.

ಪ್ರಾಜೆಕ್ಟ್ ಫೋಲ್ಡರ್ ಅನ್ನು ವಿಎಸ್ ಕೋಡ್‌ನಲ್ಲಿ 'ಓಪನ್ ಫೋಲ್ಡರ್' ಮೂಲಕ ತೆರೆಯಿರಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ತುಂಬ ಜನ ಒಂದು ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಅದೊಂದನ್ನೇ ತೆರೆಯುತ್ತಾರೆ. ಇಂಟರ್‌ಪ್ರಿಟರ್ ಆಯ್ಕೆ ಉಳಿಯುವುದು ಫೋಲ್ಡರ್ ಹೆಸರಿನಲ್ಲಿ. ಫೋಲ್ಡರನ್ನೇ ತೆರೆಯದಿದ್ದರೆ ಅದರೊಳಗಿನ ಎನ್ವಿರಾನ್‌ಮೆಂಟ್ ಎಡಿಟರ್‌ಗೆ ಕಾಣುವುದೂ ಇಲ್ಲ. ನಿನ್ನೆ ಸರಿಯಿತ್ತು, ಇವತ್ತು ಕೆಟ್ಟಿದೆ ಎನ್ನುವ ದೂರುಗಳಲ್ಲಿ ಎಷ್ಟೋ ಸಲ ಆಗಿರುವುದು ಇಷ್ಟೇ: ನಿನ್ನೆ ಒಳಗಿನ ಫೋಲ್ಡರ್ ತೆರೆದಿದ್ದರು, ಇವತ್ತು ಅದರ ಹೊರಗಿನದು.

ಆಮೇಲೆ ಟರ್ಮಿನಲ್‌ನಲ್ಲಿ:

ಪಿವೈ -3.12 -ಎಂ ವೆನ್ವ್ .ವೆನ್ವ್

ವೆನ್ವ್ ಎಂದರೆ ವಿ, ಇ, ಎನ್, ವಿ, ನಾಲ್ಕೇ ಅಕ್ಷರ. ಎರಡನೆಯದರ ಹಿಂದೆ ಒಂದು ಚುಕ್ಕೆ ಇದೆ, ಅದು ಫೋಲ್ಡರಿನ ಹೆಸರು. ಪಿವೈ ಪಕ್ಕದ -3.12 ಇಲ್ಲಿ ಜೀವಾಳ. ಯಾವ ಪೈಥಾನ್‌ನಿಂದ ಎನ್ವಿರಾನ್‌ಮೆಂಟ್ ಮಾಡುತ್ತೀರೋ ಅದು ಕೊನೆತನಕ ಅದೇ ವರ್ಷನ್. ಒಂದು ನಿಮಿಷದೊಳಗೆ ಫೋಲ್ಡರ್ ತಯಾರಾಗುತ್ತದೆ. ವಿಎಸ್ ಕೋಡ್ ಅದನ್ನು ಗಮನಿಸಿ, ಈ ಹೊಸ ಎನ್ವಿರಾನ್‌ಮೆಂಟನ್ನು ಬಳಸಲೇ ಎಂದು ಬಲಗಡೆ ಕೆಳಗೆ ಕೇಳುವುದುಂಟು. ಹೌದು ಎನ್ನಿ. ಕೇಳದಿದ್ದರೆ ಮೇಲೆ ಹೇಳಿದ ಸೆಲೆಕ್ಟ್ ಇಂಟರ್‌ಪ್ರಿಟರ್‌ನಲ್ಲಿ ನೀವೇ ಆರಿಸಿ. ಒಂದು ಪೈಥಾನ್ ಫೈಲ್ ತೆರೆದಿರುವಾಗ ಕೆಳಗಿನ ಪಟ್ಟಿಯ ಬಲತುದಿಯಲ್ಲಿ 3.12, ಅದರ ಪಕ್ಕ .ವೆನ್ವ್ ಎಂದು ಕಾಣಬೇಕು. ಕಂಡರೆ ರನ್ ಬಟನ್ ದಾರಿಗೆ ಬಂತು.

ಟರ್ಮಿನಲ್ ಇನ್ನೂ ಬಂದಿಲ್ಲ. ಈಗ ತೆರೆದಿರುವುದು ಹಳೆಯ ಟರ್ಮಿನಲ್, ಅದಕ್ಕೆ ಹೊಸ ಆಯ್ಕೆ ಗೊತ್ತಿಲ್ಲ. ಕಸದ ಬುಟ್ಟಿಯ ಗುರುತು ಒತ್ತಿ ಅದನ್ನು ಮುಚ್ಚಿ, ಹೊಸದು ತೆರೆಯಿರಿ. ಎಕ್ಸ್‌ಟೆನ್ಷನ್ ತಾನೇ ಎನ್ವಿರಾನ್‌ಮೆಂಟನ್ನು ಅಲ್ಲಿ ಚಾಲೂ ಮಾಡುತ್ತದೆ. ಸಾಲಿನ ಮೊದಲಲ್ಲಿ ಆವರಣದೊಳಗೆ .ವೆನ್ವ್ ಕಾಣಿಸಿಕೊಂಡರೆ ಸರಿ. ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ ಎಂದು ಪವರ್‌ಶೆಲ್ ಕೆಂಪಾಗಿ ಬರೆದರೆ ಗಾಬರಿ ಬೇಡ. ಅದು ವಿಂಡೋಸ್‌ನ ಕಾವಲು. ನಿಮ್ಮ ಸ್ವಂತ ಕಂಪ್ಯೂಟರ್ ಆದರೆ ಒಮ್ಮೆ ಇದನ್ನು ಕೊಡಿ:

ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್

ಕೆಲಸದ ಜಾಗದ ಕಂಪ್ಯೂಟರ್ ಆದರೆ ಅದನ್ನು ನೋಡಿಕೊಳ್ಳುವವರನ್ನು ಕೇಳಿಯೇ ಮಾಡಿ.

ಇನ್ನು ಪ್ಯಾಕೇಜ್. ಬರೀ ಪಿಪ್ ಎಂದು ಕರೆಯುವ ಅಭ್ಯಾಸ ಇವತ್ತಿಗೇ ಬಿಟ್ಟುಬಿಡಿ. 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್' ಎನ್ನಿ. ಹೀಗೆ ಕರೆದರೆ ಯಾವ ಪೈಥಾನ್ ಓಡುತ್ತಿದೆಯೋ ಅದರ ಫೋಲ್ಡರಿಗೇ ಪ್ಯಾಕೇಜ್ ಹೋಗುತ್ತದೆ. ದಾರಿ ತಪ್ಪಲು ಜಾಗವೇ ಇಲ್ಲ. ಅನುಮಾನ ಬಂದಾಗ 'ಪೈಥಾನ್ -ಎಂ ಪಿಪ್ --ವರ್ಷನ್' ಕೇಳಿ. ಉತ್ತರದ ಕೊನೆಯಲ್ಲಿ ಅದು ಯಾವ ಪೈಥಾನ್‌ನ ಪಿಪ್ ಎಂದು ಆವರಣದಲ್ಲಿ ಬರೆದಿರುತ್ತದೆ. ಹಾಗೆಯೇ ನಿಮ್ಮ ಫೋಲ್ಡರ್‌ನಲ್ಲಿ ರಿಕ್ವೆಸ್ಟ್ಸ್.ಪಿವೈ ಎಂಬ ಹೆಸರಿನ ಫೈಲ್ ಇಲ್ಲ ತಾನೆ? ಇದ್ದರೆ ಪೈಥಾನ್ ನಿಜವಾದ ಪ್ಯಾಕೇಜ್ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ಅದು ಬೇರೆ ರೋಗ, ಲಕ್ಷಣ ಹತ್ತಿರ ಹತ್ತಿರ ಒಂದೇ.

ಕೋಡಿನ ಕೆಳಗೆ ಬರುವ ಹಳದಿ, ಕೆಂಪು ಗೆರೆಗಳನ್ನು ಹಾಕುವುದು ಪೈಲ್ಯಾನ್ಸ್ ಎಂಬ ಇನ್ನೊಂದು ಎಕ್ಸ್‌ಟೆನ್ಷನ್. ಅದು ಕೋಡನ್ನು ಓಡಿಸುವುದಿಲ್ಲ, ಓದುತ್ತದೆ ಅಷ್ಟೇ. ಅದೂ ನೀವು ಆರಿಸಿದ ಇಂಟರ್‌ಪ್ರಿಟರನ್ನೇ ನೋಡುವುದರಿಂದ ಈಗ ತಾನಾಗಿ ಸರಿಹೋಗಿರುತ್ತದೆ. ಜುಪಿಟರ್ ನೋಟ್‌ಬುಕ್ ಬಳಸುವವರು ಮಾತ್ರ ಇನ್ನೊಂದು ಕಡೆ ನೋಡಬೇಕು. ನೋಟ್‌ಬುಕ್‌ಗೆ 'ಕರ್ನಲ್' ಎಂದು ಬೇರೆಯೇ ಆಯ್ಕೆ, ಮೇಲೆ ಬಲಗಡೆ. ಕೆಳಗೆ 3.12 ಇದ್ದು ಮೇಲೆ 3.9 ಇರುವುದು ಮಾಮೂಲು.

ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಬಲೆ ಇದೆ. 'ಪೈಥಾನ್.ಡಿಫಾಲ್ಟ್‌ಇಂಟರ್‌ಪ್ರಿಟರ್‌ಪಾತ್' ಎಂಬ ಸೆಟ್ಟಿಂಗ್ ಬದಲಿಸಿ ಎಂದು ಹಲವರು ಹೇಳುತ್ತಾರೆ. ಬದಲಿಸಿದರೂ ಎಷ್ಟೋ ಸಲ ಏನೂ ಆಗುವುದಿಲ್ಲ. ಆ ಹೆಸರಿನಲ್ಲಿರುವ 'ಡಿಫಾಲ್ಟ್' ಎಂಬ ಮಾತನ್ನು ಗಮನಿಸಿ. ಆ ಫೋಲ್ಡರಿಗೆ ಇನ್ನೂ ಏನನ್ನೂ ಆರಿಸಿಲ್ಲದಾಗ ಮಾತ್ರ ಅದು ಲೆಕ್ಕಕ್ಕೆ. ಒಮ್ಮೆ ಕೈಯಾರೆ ಇಂಟರ್‌ಪ್ರಿಟರ್ ಆರಿಸಿದರೆ ಆ ಆಯ್ಕೆ ಎಡಿಟರ್‌ನ ಒಳನೆನಪಿನಲ್ಲಿ ಕೂರುತ್ತದೆ, ಸೆಟ್ಟಿಂಗ್ಸ್ ಫೈಲಿನಲ್ಲಿ ಕಾಣುವುದೂ ಇಲ್ಲ. ಅದನ್ನು ಅಳಿಸಲು 'ಪೈಥಾನ್: ಕ್ಲಿಯರ್ ವರ್ಕ್‌ಸ್ಪೇಸ್ ಇಂಟರ್‌ಪ್ರಿಟರ್ ಸೆಟ್ಟಿಂಗ್' ಎಂಬ ಕಮಾಂಡ್ ಇದೆ. ಇನ್ನೂ ಹಳೆಯ ಉತ್ತರಗಳಲ್ಲಿ ಪೈಥಾನ್.ಪೈಥಾನ್‌ಪಾತ್ ಎಂಬ ಸೆಟ್ಟಿಂಗ್ ಬರುತ್ತದೆ. ಅದನ್ನು ಬಿಟ್ಟು ವರ್ಷಗಳಾದವು, ಅದನ್ನು ಹೇಳುವ ಉತ್ತರವನ್ನು ಮುಂದೆ ಓದಲೇಬೇಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು: ಪ್ರಾಜೆಕ್ಟಿಗೆ ಯಾವ ವರ್ಷನ್ ಬೇಕು ಎಂಬುದು ನಿಮ್ಮ ತಲೆಯಲ್ಲೋ ಎಡಿಟರ್‌ನ ನೆನಪಿನಲ್ಲೋ ಇರಬಾರದು. ಪ್ರಾಜೆಕ್ಟ್ ಫೋಲ್ಡರ್ ಒಳಗೇ ಬರೆದಿರಬೇಕು. ಪ್ರಾಜೆಕ್ಟಿನ ವಿವರ ಬರೆದಿಡುವ ಪೈಪ್ರಾಜೆಕ್ಟ್.ಟಿಒಎಂಎಲ್ ಫೈಲಿನಲ್ಲಿ 'ರಿಕ್ವೈರ್ಸ್-ಪೈಥಾನ್' ಎಂಬ ಸಾಲಿಗೆ 3.12 ಅಥವಾ ಮೇಲಿನದು ಎಂದು ಬರೆಯಿರಿ. ಆ ಪ್ರಾಜೆಕ್ಟನ್ನು ಹಳೆಯ ಪೈಥಾನ್‌ನಲ್ಲಿ ಇನ್‌ಸ್ಟಾಲ್ ಮಾಡಲು ಹೋದರೆ ಪಿಪ್ ಒಪ್ಪುವುದಿಲ್ಲ. ರಫ್‌ನಂಥ ಲಿಂಟರ್ ಕೂಡ ಅದನ್ನೇ ಓದಿ ಯಾವ ವರ್ಷನ್‌ಗೆ ತಕ್ಕಂತೆ ತಪ್ಪು ಹುಡುಕಬೇಕು ಎಂದು ತಿಳಿದುಕೊಳ್ಳುತ್ತದೆ. ಹಲವು ವರ್ಷನ್‌ಗಳ ನಡುವೆ ಓಡಾಡುವವರಾದರೆ ವರ್ಷನ್‌ಗಳನ್ನು ನೋಡಿಕೊಳ್ಳುವ ಪೈಎನ್ವ್ ಅಥವಾ ಯುವಿ ಎಂಬ ಪ್ರೋಗ್ರಾಮ್ ಬಳಸಿ. ಎರಡೂ .ಪೈಥಾನ್-ವರ್ಷನ್ ಎಂಬ ಪುಟ್ಟ ಫೈಲನ್ನು ಓದುತ್ತವೆ, ಅದರಲ್ಲಿ ಇರುವುದು ಬರೀ ವರ್ಷನ್ ನಂಬರ್. ಹೊಸದಾಗಿ ಶುರು ಮಾಡುವವರಿಗೆ ನಾನು ಯುವಿ ಎನ್ನುತ್ತೇನೆ. ವಿಂಡೋಸ್‌ನಲ್ಲೂ ನೇರವಾಗಿ ಓಡುತ್ತದೆ, ಇಲ್ಲದ ಪೈಥಾನ್ ವರ್ಷನ್ನನ್ನು ತಾನೇ ತಂದುಕೊಳ್ಳುತ್ತದೆ. ಅದು ಮಾಡುವುದೂ .ವೆನ್ವ್ ಎಂಬ ಫೋಲ್ಡರನ್ನೇ, ಹಾಗಾಗಿ ಎಡಿಟರ್‌ಗೆ ಹೊಸದಾಗಿ ಏನೂ ಹೇಳಬೇಕಿಲ್ಲ.

.ವೆನ್ವ್ ಫೋಲ್ಡರನ್ನು ಮಾತ್ರ ಗಿಟ್‌ಗೆ ಸೇರಿಸಬೇಡಿ, ಇನ್ನೊಂದು ಕಂಪ್ಯೂಟರಿಗೆ ಕಾಪಿಯೂ ಮಾಡಬೇಡಿ. ಅದರ ಒಳಗೆ ನಿಮ್ಮ ಡಿಸ್ಕಿನ ಪೂರ್ತಿ ವಿಳಾಸಗಳು ಅಚ್ಚಾಗಿರುತ್ತವೆ, ಜಾಗ ಬದಲಾದರೆ ಮುರಿಯುತ್ತದೆ. ಬೇಕಾದ ಪ್ಯಾಕೇಜುಗಳ ಹೆಸರು ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿಯಲ್ಲೋ ಪೈಪ್ರಾಜೆಕ್ಟ್‌ನಲ್ಲೋ ಇದ್ದರೆ ಸಾಕು. ಮುಂದೆ ಹೊಸ ಪೈಥಾನ್‌ಗೆ ಹೋಗಬೇಕೆಂದಾಗ .ವೆನ್ವ್ ಅಳಿಸಿ, ಹೊಸ ವರ್ಷನ್‌ನಿಂದ ಮತ್ತೆ ಮಾಡಿ. ಅದನ್ನೇ ರಿಪೇರಿ ಮಾಡಲು ಕೂರುವುದಕ್ಕಿಂತ ಇದು ಬೇಗ. ಹೋಗುವ ಮೊದಲು ಪ್ಯಾಕೇಜುಗಳು ಆ ವರ್ಷನ್‌ಗೆ ಸಿದ್ಧವಾಗಿವೆಯೇ ನೋಡಿ. 3.12ರಲ್ಲಿ ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಡಿಸ್ಟ್ಯುಟಿಲ್ಸ್ ಮಾಡ್ಯೂಲನ್ನು ತೆಗೆದುಹಾಕಿದಾಗ ಅದನ್ನು ನೆಚ್ಚಿಕೊಂಡಿದ್ದ ಎಷ್ಟೋ ಹಳೆಯ ಪ್ಯಾಕೇಜುಗಳು ನಿಂತುಹೋದವು.

ಈಗ 3.9ರ ವಿಷಯ. ಪೈಥಾನ್‌ನ ಪ್ರತಿ ವರ್ಷನ್‌ಗೂ ಸುಮಾರು 5 ವರ್ಷ ಆಯಸ್ಸು. 3.9ರ ಭದ್ರತಾ ತಿದ್ದುಪಡಿಗಳು 2025ರ ಅಕ್ಟೋಬರ್‌ಗೆ ನಿಂತವು. 3.12ಕ್ಕೆ 2028ರ ಅಕ್ಟೋಬರ್‌ವರೆಗೆ ಇರುತ್ತವೆ. ಹಾಗಾಗಿ ಹೊಸ ಕೆಲಸಕ್ಕೆ 3.9 ಬೇಡವೇ ಬೇಡ. ನಿಮ್ಮ ಹಳೆಯ ಪ್ರಾಜೆಕ್ಟುಗಳ .ವೆನ್ವ್ ಒಳಗೆ ಪೈವೆನ್ವ್.ಸಿಎಫ್‌ಜಿ ಎಂಬ ಫೈಲ್ ಇರುತ್ತದೆ, ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅದರಲ್ಲಿ ವರ್ಷನ್ ಮತ್ತು ಮೂಲ ಪೈಥಾನ್ ಇರುವ ಜಾಗ ಬರೆದಿರುತ್ತದೆ. ಯಾವುದೂ 3.9 ಎನ್ನದಿದ್ದರೆ ವಿಂಡೋಸ್‌ನಲ್ಲಿ ಧಾರಾಳವಾಗಿ ತೆಗೆಯಬಹುದು. ಲಿನಕ್ಸ್‌ನಲ್ಲಿ ಸಿಸ್ಟಮ್ ಜೊತೆ ಬಂದ ಪೈಥಾನ್‌ಗೆ ಯಾವತ್ತೂ ಕೈ ಹಾಕಬೇಡಿ. ಸಿಸ್ಟಮ್‌ನ ಸ್ವಂತ ಕೆಲಸಗಳು ಅದರ ಮೇಲೆ ನಿಂತಿರುತ್ತವೆ.

ಬೇರೆ ಭಾಷೆಗಳಲ್ಲೂ ಗಂಟು ಇದೇ. ಟೈಪ್‌ಸ್ಕ್ರಿಪ್ಟ್‌ನಲ್ಲಿ ವಿಎಸ್ ಕೋಡ್ ತನ್ನದೇ ಒಂದು ಕಾಪಿ ಇಟ್ಟುಕೊಂಡಿರುತ್ತದೆ. ಗೆರೆ ಎಳೆಯುವುದು ಅದು, ಬಿಲ್ಡ್ ಮಾಡುವುದು ನಿಮ್ಮ ಪ್ರಾಜೆಕ್ಟಿನದು. 'ಸೆಲೆಕ್ಟ್ ಟೈಪ್‌ಸ್ಕ್ರಿಪ್ಟ್ ವರ್ಷನ್'ಗೆ ಹೋಗಿ 'ಯೂಸ್ ವರ್ಕ್‌ಸ್ಪೇಸ್ ವರ್ಷನ್' ಆರಿಸಿದರೆ ಎರಡೂ ಒಂದಾಗುತ್ತವೆ. ಜಾವಾದಲ್ಲಿ ಎಡಿಟರ್‌ನ ಸಹಾಯಕ ಪ್ರೋಗ್ರಾಮ್ ಓಡಲು ಒಂದು ಜಾವಾ, ನಿಮ್ಮ ಪ್ರಾಜೆಕ್ಟ್ ಕಂಪೈಲ್ ಆಗಲು ಇನ್ನೊಂದು. ಹಳೆಯ ಜಾವಾ 8ರ ಪ್ರಾಜೆಕ್ಟ್ ತೆರೆದಾಗ ಎಡಿಟರ್ ಹೊಸ ಜಾವಾ ಕೇಳುವುದು ಅದಕ್ಕೇ. ಪ್ರಾಜೆಕ್ಟನ್ನು ಬದಲಿಸಬೇಕಿಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ, ಮ್ಯಾಕ್ ಅಥವಾ ಲಿನಕ್ಸ್‌ನ ಎನ್‌ವಿಎಂ ಮೂಲಕ ವರ್ಷನ್ ಬದಲಿಸಿದರೆ ಅದು ಆ ಒಂದು ಟರ್ಮಿನಲ್‌ಗೆ ಮಾತ್ರ.

ಇಷ್ಟಾದ ಮೇಲೂ ತೊಂದರೆ ಉಳಿದರೆ ವಿಎಸ್ ಕೋಡ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಿರಿ. ಪಾತ್ ಪಟ್ಟಿಯನ್ನು ಎಡಿಟರ್ ಓದಿಕೊಳ್ಳುವುದು ಶುರುವಾಗುವಾಗ ಮಾತ್ರ, ಆಮೇಲೆ ಬದಲಿಸಿದ್ದು ಅದಕ್ಕೆ ತಿಳಿಯುವುದಿಲ್ಲ. ಅದರಿಂದಲೂ ಆಗದಿದ್ದರೆ ಮತ್ತೆ ಬರೆಯಿರಿ. ಬರೆಯುವಾಗ ಯಾರು.ಪಿವೈ ಟರ್ಮಿನಲ್‌ನಲ್ಲಿ ಕೊಟ್ಟ ಉತ್ತರ, ರನ್ ಬಟನ್‌ನಲ್ಲಿ ಕೊಟ್ಟ ಉತ್ತರ, ವೇರ್.ಇಎಕ್ಸ್‌ಇ ತೋರಿಸಿದ ಪಟ್ಟಿ, ಕೆಳಗಿನ ಬಲತುದಿಯಲ್ಲಿ ಕಾಣುವ ಬರಹ, ಇವಿಷ್ಟನ್ನೂ ಕಂಡಂತೆಯೇ ಸೇರಿಸಿ.